ಸಂಭವನೀಯತೆ ಲೆಕ್ಕ: ಸೂತ್ರಕ್ಕೆ ಮೊದಲು ಪಟ್ಟಿ ಬರೆಯಿರಿ

"ಸೂತ್ರ ಬಾಯಿಪಾಠ ಇದೆ. ಆದರೂ ಉತ್ತರ ತಪ್ಪಾಗುತ್ತೆ. ಯಾಕೆ?" ಸಂಭವನೀಯತೆಯ ಪಾಠ ಶುರುವಾದ ಮೇಲೆ ಆರರಿಂದ ಎಂಟನೇ ತರಗತಿಯ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಕ್ಕಳ ಪಕ್ಕ ಕೂತು ಲೆಕ್ಕ ಮಾಡಿಸುವ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ.

ಸೂತ್ರ ಒಂದೇ ಸಾಲಿನದು. ನಮಗೆ ಬೇಕಾದ ಫಲಿತಾಂಶಗಳ ಸಂಖ್ಯೆಯನ್ನು ಒಟ್ಟು ಫಲಿತಾಂಶಗಳ ಸಂಖ್ಯೆಯಿಂದ ಭಾಗಿಸಬೇಕು, ಅಷ್ಟೇ. ಇದನ್ನು ಮರೆತು ಉತ್ತರ ತಪ್ಪಿಸಿಕೊಳ್ಳುವವರು ಕಡಿಮೆ. ಹೆಚ್ಚಿನ ತಪ್ಪು ಆಗುವುದು ಛೇದದಲ್ಲಿ, ಅಂದರೆ ಭಿನ್ನರಾಶಿಯ ಕೆಳಗಿನ ಸಂಖ್ಯೆಯಲ್ಲಿ. ಒಟ್ಟು ಎಷ್ಟು ಬಗೆಯಲ್ಲಿ ಆಗಬಹುದು ಅನ್ನುವುದನ್ನು ಬರೆದು ನೋಡದೆ ಸುಮ್ನೆ ಊಹಿಸುತ್ತೇವೆ. ಅಲ್ಲಿಂದ ಮುಂದೆ ಎಷ್ಟು ಸರಿಯಾಗಿ ಲೆಕ್ಕ ಮಾಡಿದರೂ ಉಪಯೋಗವಿಲ್ಲ. ಹಾಗಾಗಿ ಈ ಲೇಖನದಲ್ಲಿ ಸೂತ್ರಕ್ಕಿಂತ ಪಟ್ಟಿಗೇ ಜಾಸ್ತಿ ಜಾಗ.

ಏನೇನು ಬೇಕು?

ಒಂದು ನೋಟ್‌ಬುಕ್, ಎರಡು ನಾಣ್ಯ, ಬೇರೆ ಬೇರೆ ಬಣ್ಣದ ಎರಡು ದಾಳ. ಒಳಗಿರುವುದು ಕಾಣದ ಒಂದು ಬಟ್ಟೆ ಚೀಲ. ಅದರಲ್ಲಿ ಹಾಕಲು ಒಂದೇ ಗಾತ್ರದ ಗೋಲಿಗಳು, ಎರಡು ಬಣ್ಣದವು. ದಾಳ ಇಲ್ಲದಿದ್ದರೆ ಚಿಂತೆಯಿಲ್ಲ. 1ರಿಂದ 6ರವರೆಗೆ ಬರೆದ ಚೀಟಿಗಳನ್ನು ಒಂದೇ ರೀತಿ ಮಡಚಿ ಚೀಲಕ್ಕೆ ಹಾಕಿ, ನೋಡದೆ ಒಂದನ್ನು ಎತ್ತಿದರೆ ಅದೇ ಕೆಲಸ ಆಗುತ್ತದೆ.

ಭಿನ್ನರಾಶಿಯನ್ನು ಸಂಕ್ಷಿಪ್ತ ರೂಪಕ್ಕೆ ತರಲು, ಅದನ್ನು ದಶಮಾಂಶ ಮತ್ತು ಶೇಕಡಾ ಮಾಡಲು ಗೊತ್ತಿರಬೇಕು. ಬೇರೆ ಗಣಿತ ಏನೂ ಬೇಡ.

ಹಂತ 1: 0ಯಿಂದ 1ರ ಅಳತೆ

ಒಂದು ಸಂಗತಿ ನಡೆಯುವ ಸಾಧ್ಯತೆ ಎಷ್ಟು ಅಂತ ಸಂಖ್ಯೆಯಲ್ಲಿ ಹೇಳುವುದೇ ಸಂಭವನೀಯತೆ. ಖಂಡಿತ ನಡೆಯದ ಸಂಗತಿಗೆ 0. ಖಂಡಿತ ನಡೆಯುವ ಸಂಗತಿಗೆ 1. ಉಳಿದದ್ದೆಲ್ಲ ಇವೆರಡರ ನಡುವೆ. 1ರಿಂದ 6ರ ದಾಳದಲ್ಲಿ 7 ಬೀಳುವುದು 0. 7ಕ್ಕಿಂತ ಚಿಕ್ಕ ಸಂಖ್ಯೆ ಬೀಳುವುದು 1.

ಎಚ್ಚರಿಕೆ: ನಿಮ್ಮ ಉತ್ತರ 1ಕ್ಕಿಂತ ದೊಡ್ಡದಾಗಿದ್ದರೆ, ಉದಾಹರಣೆಗೆ 6/5 ಬಂದರೆ, ಎಲ್ಲೋ ತಪ್ಪಾಗಿದೆ. ಹೆಚ್ಚಾಗಿ ಅಂಶ ಮತ್ತು ಛೇದ ಅದಲುಬದಲಾಗಿರುತ್ತವೆ. ಉತ್ತರ ಬರೆದ ಕೂಡಲೇ ಇದೊಂದನ್ನು ನೋಡಿಬಿಡಿ.

ಇಲ್ಲೇ ಇನ್ನೊಂದು ಮಾತು. ಹವಾಮಾನ ವರದಿಯಲ್ಲಿ ಮಳೆಯ ಸಾಧ್ಯತೆ ಶೇ. 70 ಅಂತ ಬಂದು ಆ ದಿನ ಮಳೆಯೇ ಬರದಿದ್ದರೆ ವರದಿ ಸುಳ್ಳು ಅನ್ನಬಾರದು. ಮಳೆ ಬರದಿರುವ ಸಾಧ್ಯತೆಯೂ ಶೇ. 30 ಇತ್ತಲ್ವಾ? ಒಂದೇ ದಿನ ನೋಡಿ ಸಂಭವನೀಯತೆ ಸರಿಯೋ ತಪ್ಪೋ ಅಂತ ತೀರ್ಮಾನಿಸಲು ಆಗುವುದಿಲ್ಲ. ಶೇ. 70 ಅಂತ ಹೇಳಿದ ದಿನಗಳನ್ನೆಲ್ಲ ಒಟ್ಟುಹಾಕಿ, ಅವುಗಳಲ್ಲಿ ಎಷ್ಟು ದಿನ ಮಳೆ ಬಂತು ಅಂತ ನೋಡಬೇಕು.

ಹಂತ 2: ಏನೇನು ಆಗಬಹುದು? ಎಲ್ಲ ಬರೆಯಿರಿ

ಮೂರು ಪದ ತಿಳಿದುಕೊಳ್ಳಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳಲಾಗದ ಕೆಲಸಕ್ಕೆ ಯಾದೃಚ್ಛಿಕ ಪ್ರಯೋಗ ಎನ್ನುತ್ತಾರೆ. ನಾಣ್ಯ ಚಿಮ್ಮುವುದು ಒಂದು ಪ್ರಯೋಗ, ದಾಳ ಉರುಳಿಸುವುದು ಇನ್ನೊಂದು. ಪ್ರಯೋಗ ಮಾಡಿದಾಗ ಬರುವುದು ಫಲಿತಾಂಶ. ಬರಬಹುದಾದ ಎಲ್ಲ ಫಲಿತಾಂಶಗಳ ಪೂರ್ತಿ ಪಟ್ಟಿ ಫಲಿತ ಗಣ.

ಒಂದು ನಾಣ್ಯದ ಫಲಿತ ಗಣ: ಹೆಡ್, ಟೇಲ್. ಪುಸ್ತಕದಲ್ಲಿ ಶಿರ, ಪುಚ್ಛ ಅಂತ ಇದ್ದರೂ ಇದೇ. ಒಂದು ದಾಳದ ಫಲಿತ ಗಣ: 1, 2, 3, 4, 5, 6.

ಇಷ್ಟು ಸುಲಭದ್ದನ್ನು ಯಾಕೆ ಬರೆಯಬೇಕು ಅನ್ನಿಸಬಹುದು. ಸುಲಭದ ಲೆಕ್ಕದಲ್ಲಿ ಬರೆಯುವ ಅಭ್ಯಾಸ ಆದರೆ ಕಷ್ಟದ ಲೆಕ್ಕದಲ್ಲಿ ಕೈ ತಾನಾಗಿ ಪಟ್ಟಿಯ ಕಡೆ ಹೋಗುತ್ತದೆ. ಪಟ್ಟಿಯಲ್ಲಿ ಯಾವುದೂ ಬಿಟ್ಟುಹೋಗಬಾರದು, ಯಾವುದೂ ಎರಡು ಸಲ ಬರಬಾರದು.

ಹಂತ 3: ಎಲ್ಲಕ್ಕೂ ಒಂದೇ ಅವಕಾಶ ಇದೆಯಾ?

ಇಡೀ ಪಾಠದಲ್ಲಿ ಅತಿ ಮುಖ್ಯವಾದ ಹಂತ ಇದು. ಎಲ್ಲರೂ ಹಾರಿಸಿಬಿಡುವ ಹಂತವೂ ಇದೇ.

ನಮ್ಮ ಒಂದು ಸಾಲಿನ ಸೂತ್ರ ನಡೆಯಬೇಕಾದರೆ ಪಟ್ಟಿಯಲ್ಲಿರುವ ಪ್ರತಿಯೊಂದು ಫಲಿತಾಂಶಕ್ಕೂ ಸಮಾನ ಅವಕಾಶ ಇರಬೇಕು. ಇಂಥವನ್ನು ಸಮಸಂಭವನೀಯ ಫಲಿತಾಂಶಗಳು ಎನ್ನುತ್ತಾರೆ. ಸರಿಯಾಗಿ ಮಾಡಿದ ದಾಳದ ಆರೂ ಮುಖ ಒಂದೇ ಅಳತೆ, ತೂಕವೂ ಎಲ್ಲ ಕಡೆ ಸಮ. ಹಾಗಾಗಿ ಯಾವ ಮುಖಕ್ಕೂ ಹೆಚ್ಚು ಅವಕಾಶ ಇಲ್ಲ.

ಈಗ ಚೀಲದಲ್ಲಿ ಮೂರು ಕೆಂಪು, ಒಂದು ನೀಲಿ ಗೋಲಿ ಹಾಕಿ. ನೋಡದೆ ಒಂದನ್ನು ತೆಗೆದರೆ ನೀಲಿ ಬರುವ ಸಂಭವನೀಯತೆ ಎಷ್ಟು? "ಕೆಂಪು ಅಥವಾ ನೀಲಿ, ಎರಡೇ ಸಾಧ್ಯತೆ, ಆದ್ದರಿಂದ 1/2" ಎಂದು ಬರೆಯುವವರು ಬಹಳ ಜನ. ಕೈ ಹಾಕಿದಾಗ ಸಿಗುವುದು ಗೋಲಿ. ಬಣ್ಣ ಆ ಗೋಲಿಯದು. ಗೋಲಿಗಳಿಗೆ ಹೆಸರು ಕೊಡಿ: ಕೆಂ1, ಕೆಂ2, ಕೆಂ3, ನೀ. ಈಗ ಪಟ್ಟಿಯಲ್ಲಿ ನಾಲ್ಕು ಇವೆ. ನಾಲ್ಕಕ್ಕೂ ಸಮಾನ ಅವಕಾಶ ಇದೆ. ಉತ್ತರ 1/4.

ಎಚ್ಚರಿಕೆ: "ಆಗಬಹುದು, ಇಲ್ಲವೇ ಆಗದಿರಬಹುದು, ಹಾಗಾಗಿ ಅರ್ಧ" ಅನ್ನುವ ವಾದ ಬಂದರೆ ಕೂಡಲೇ ಅನುಮಾನ ಪಡಿ. ಎರಡು ಸಾಧ್ಯತೆ ಇದೆ ಅಂದ ಮಾತ್ರಕ್ಕೆ ಎರಡೂ ಸಮ ಆಗುವುದಿಲ್ಲ.

ಸಮ ಮಾಡಲು ಆಗದ ಪ್ರಯೋಗಗಳೂ ಇವೆ. ಒಂದು ಡ್ರಾಯಿಂಗ್ ಪಿನ್ ಮೇಜಿನ ಮೇಲೆ ಬಿದ್ದಾಗ ಮೊನೆ ಮೇಲಾಗಿ ನಿಲ್ಲಬಹುದು, ಇಲ್ಲವೇ ಓರೆಯಾಗಿ ಮಲಗಬಹುದು. ಎರಡೇ ಫಲಿತಾಂಶ. ಆದರೆ ಪಿನ್ನಿನ ಎರಡು ತುದಿ ಒಂದೇ ಥರ ಇಲ್ಲ. ಇಲ್ಲಿ ಪಟ್ಟಿ ಬರೆದು ಭಾಗಿಸಿದರೆ ಉತ್ತರ ಸಿಗುವುದಿಲ್ಲ. ಬೀಳಿಸಿ ಬೀಳಿಸಿ ಎಣಿಸಬೇಕು. ಅದನ್ನು ಹಂತ 8ರಲ್ಲಿ ನೋಡೋಣ.

ಹಂತ 4: ಘಟನೆ ಗುರುತಿಸಿ, ಎಣಿಸಿ, ಭಾಗಿಸಿ

ಪ್ರಶ್ನೆಯಲ್ಲಿ ಕೇಳಿರುವ ಸಂಗತಿಗೆ ಘಟನೆ ಎಂದು ಹೆಸರು. ಒಂದು ಘಟನೆಯಲ್ಲಿ ಒಂದೇ ಫಲಿತಾಂಶ ಇರಬಹುದು, ಹಲವು ಇರಬಹುದು. ನಿಮ್ಮ ಪಟ್ಟಿಯಲ್ಲಿ ಘಟನೆಗೆ ಸೇರುವ ಫಲಿತಾಂಶಗಳ ಸುತ್ತ ಒಂದೊಂದು ಸುತ್ತು ಹಾಕಿ. ಸುತ್ತುಗಳ ಸಂಖ್ಯೆ ಮೇಲೆ, ಪಟ್ಟಿಯ ಒಟ್ಟು ಸಂಖ್ಯೆ ಕೆಳಗೆ.

ದಾಳದಲ್ಲಿ ಅವಿಭಾಜ್ಯ ಸಂಖ್ಯೆ ಬೀಳುವುದು: 2, 3, 5ಕ್ಕೆ ಸುತ್ತು. 3/6, ಅಂದರೆ 1/2. ಇಲ್ಲಿ 1ಕ್ಕೂ ಸುತ್ತು ಹಾಕಿ 4/6 ಬರೆಯುವವರು ಇದ್ದಾರೆ. 1 ಅವಿಭಾಜ್ಯ ಅಲ್ಲ. ಅದು ಸಂಭವನೀಯತೆಯ ತಪ್ಪಲ್ಲ, ಹಳೆಯ ಪಾಠದ ತಪ್ಪು. ಆದರೂ ಅಂಕ ಹೋಗುತ್ತದೆ.

ಎಚ್ಚರಿಕೆ: ಮಾತುಗಳನ್ನು ನಿಧಾನವಾಗಿ ಓದಿ. "4ಕ್ಕಿಂತ ದೊಡ್ಡದು" ಅಂದರೆ 5, 6. ಉತ್ತರ 2/6, ಅಂದರೆ 1/3. "ಕನಿಷ್ಠ 4" ಅಂದರೆ 4, 5, 6. ಉತ್ತರ 3/6, ಅಂದರೆ 1/2. ಕನಿಷ್ಠ ಅಂದರೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು. ಗರಿಷ್ಠ ಅಂದರೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ.

ಹಂತ 5: "ಆಗದಿರುವ" ಕಡೆಯಿಂದ ಎಣಿಸುವುದು

ಒಂದು ಘಟನೆ ಆಗುವುದು, ಆಗದಿರುವುದು, ಇವೆರಡರ ಸಂಭವನೀಯತೆ ಕೂಡಿದರೆ ಯಾವಾಗಲೂ 1. ಇಂಥ ಜೋಡಿಗೆ ಪೂರಕ ಘಟನೆಗಳು ಎನ್ನುತ್ತಾರೆ. ದಾಳದಲ್ಲಿ 6 ಬೀಳುವುದು 1/6. ಹಾಗಾದರೆ 6 ಬೀಳದಿರುವುದು 1 - 1/6 = 5/6.

ಪ್ರಶ್ನೆಯಲ್ಲಿ "ಕನಿಷ್ಠ ಒಂದು" ಅಂತ ಕಂಡರೆ ಈ ದಾರಿಯನ್ನೇ ಮೊದಲು ನೋಡಿ. "ಒಂದೂ ಇಲ್ಲ" ಅನ್ನುವುದನ್ನು ಎಣಿಸುವುದು ಹೆಚ್ಚಾಗಿ ಸುಲಭ.

ಹಂತ 6: ಎರಡು ನಾಣ್ಯ, ಎರಡು ದಾಳ

ಇಲ್ಲಿ ನಿಧಾನ ಮಾಡಿ. ಬಹಳ ಬುದ್ಧಿವಂತರೂ ಎಡವಿದ ಜಾಗ ಇದು.

ಎರಡು ನಾಣ್ಯ ಚಿಮ್ಮಿದಾಗ ಏನೇನು ಬರಬಹುದು? ಎರಡೂ ಹೆಡ್, ಎರಡೂ ಟೇಲ್, ಒಂದು ಹೆಡ್ ಒಂದು ಟೇಲ್. ಮೂರು ಸಾಧ್ಯತೆ, ಹಾಗಾಗಿ ಎರಡೂ ಹೆಡ್ ಬರುವುದು 1/3. ಸರಿ ಅನ್ನಿಸುತ್ತದೆ, ಆದರೆ ತಪ್ಪು. ನಾಣ್ಯಗಳನ್ನು ಮೊದಲನೆಯದು, ಎರಡನೆಯದು ಎಂದು ಗುರುತಿಸಿ ಬರೆಯಿರಿ:

ಹೆಡ್, ಹೆಡ್
ಹೆಡ್, ಟೇಲ್
ಟೇಲ್, ಹೆಡ್
ಟೇಲ್, ಟೇಲ್

ನಾಲ್ಕು ಆಯಿತು. ಮಧ್ಯದ ಎರಡೂ ಬೇರೆ ಬೇರೆ. ಒಂದರಲ್ಲಿ ಮೊದಲ ನಾಣ್ಯ ಹೆಡ್, ಇನ್ನೊಂದರಲ್ಲಿ ಎರಡನೆಯದು. ಆದ್ದರಿಂದ ಎರಡೂ ಹೆಡ್ ಬರುವುದು 1/4. ಒಂದು ಹೆಡ್ ಒಂದು ಟೇಲ್ ಬರುವುದು 2/4, ಅಂದರೆ 1/2.

ಫ್ರಾನ್ಸಿನ ಹೆಸರಾಂತ ಗಣಿತಜ್ಞ ಡಾಲಂಬೇರ್ 1754ರಲ್ಲಿ ಇಂಥದೇ ಲೆಕ್ಕ ತಪ್ಪಿದ್ದರು. ಎರಡು ಸಲ ನಾಣ್ಯ ಚಿಮ್ಮಿದರೆ ಕನಿಷ್ಠ ಒಂದು ಹೆಡ್ ಬರುವ ಸಂಭವನೀಯತೆ 2/3 ಅಂತ ಅವರ ವಾದ. ಮೊದಲ ಸಲವೇ ಹೆಡ್ ಬಂದರೆ ಅಲ್ಲಿಗೆ ಮುಗಿಯಿತು. ಇಲ್ಲವೇ ಟೇಲ್ ಆದ ಮೇಲೆ ಹೆಡ್ ಬರಬಹುದು. ಇಲ್ಲವೇ ಎರಡು ಸಲವೂ ಟೇಲ್. ಮೂರರಲ್ಲಿ ಎರಡು ಅಂತ ಎಣಿಸಿದರು. ಆದರೆ ಈ ಮೂರಕ್ಕೂ ಸಮಾನ ಅವಕಾಶ ಇಲ್ಲ. ಮೊದಲನೆಯದಕ್ಕೆ 1/2, ಉಳಿದ ಎರಡಕ್ಕೆ ತಲಾ 1/4. ಸರಿಯಾದ ಉತ್ತರ 3/4. ಹಂತ 5ರ ದಾರಿಯಲ್ಲಿ ಹೋದರೆ ಒಂದೇ ಸಾಲು: 1 - 1/4 = 3/4.

ಎರಡು ದಾಳಕ್ಕೆ ಉದ್ದ ಪಟ್ಟಿ ಬೇಡ, ಚೌಕದ ಕೋಷ್ಟಕ ಹಾಕಿ. ಮೇಲಿನ ಸಾಲಿನಲ್ಲಿ ಕೆಂಪು ದಾಳದ 1ರಿಂದ 6, ಎಡಬದಿಯಲ್ಲಿ ಬಿಳಿ ದಾಳದ 1ರಿಂದ 6. ಒಳಗೆ 36 ಮನೆ. ಪ್ರತಿ ಮನೆಯಲ್ಲಿ ಎರಡರ ಮೊತ್ತ ಬರೆಯಿರಿ. ಈಗ ಎಣಿಸಿ. ಮೊತ್ತ 2 ಒಂದೇ ಮನೆಯಲ್ಲಿದೆ. 3 ಎರಡರಲ್ಲಿ, 4 ಮೂರರಲ್ಲಿ, 5 ನಾಲ್ಕರಲ್ಲಿ, 6 ಐದರಲ್ಲಿ, 7 ಆರು ಮನೆಗಳಲ್ಲಿ. ಆಮೇಲೆ ಇಳಿಯುತ್ತಾ ಹೋಗಿ 12 ಮತ್ತೆ ಒಂದೇ ಮನೆ. ಹಾಗಾಗಿ ಮೊತ್ತ 7 ಬರುವುದು 6/36 = 1/6. ಮೊತ್ತ 12 ಬರುವುದು 1/36 ಮಾತ್ರ.

ಎಚ್ಚರಿಕೆ: ಮೊತ್ತ 2ರಿಂದ 12ರವರೆಗೆ ಹನ್ನೊಂದು ಇವೆ ಅಂತ ಛೇದದಲ್ಲಿ 11 ಬರೆಯಬೇಡಿ. ಇದು ಗೋಲಿ ಎಣಿಸುವ ಬದಲು ಬಣ್ಣ ಎಣಿಸಿದಂತೆ. ಕೆಂಪು 2 ಬಿಳಿ 5 ಒಂದು ಮನೆ, ಕೆಂಪು 5 ಬಿಳಿ 2 ಇನ್ನೊಂದು ಮನೆ. ದಾಳಗಳು ನೋಡಲು ಒಂದೇ ಥರ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬಣ್ಣ ನಮ್ಮ ಕಣ್ಣಿಗೆ ಸಹಾಯಕ್ಕೆ ಮಾತ್ರ, ದಾಳಕ್ಕೆ ತನ್ನ ಬಣ್ಣ ಗೊತ್ತಿಲ್ಲ.

ಇದೇ ವಿಷಯವನ್ನು ಸುಮಾರು 400 ವರ್ಷಗಳ ಹಿಂದೆ ಗೆಲಿಲಿಯೋ ಬಿಡಿಸಿದ್ದರು. ಮೂರು ದಾಳ ಆಡುವವರಿಗೆ ಒಂದು ಗೊಂದಲ ಇತ್ತು. ಮೊತ್ತ 9 ಆಗಲು ಆರು ಗುಂಪುಗಳಿವೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10 ಆಗಲೂ ಆರೇ: 1-3-6, 1-4-5, 2-2-6, 2-3-5, 2-4-4, 3-3-4. ಆದರೂ ಆಟದಲ್ಲಿ 10 ಸ್ವಲ್ಪ ಜಾಸ್ತಿ ಬರುತ್ತಿತ್ತು. ಮೂರೂ ಬೇರೆ ಸಂಖ್ಯೆಯಿರುವ ಗುಂಪು ಮೂರು ದಾಳಗಳ ಮೇಲೆ 6 ರೀತಿಯಲ್ಲಿ ಬೀಳಬಹುದು. ಎರಡು ಒಂದೇ ಇದ್ದರೆ 3 ರೀತಿ. ಮೂರೂ ಒಂದೇ ಆದರೆ 1 ರೀತಿ. ಕೂಡಿ ನೋಡಿ. 9ಕ್ಕೆ 25, 10ಕ್ಕೆ 27. ಒಟ್ಟು 6 × 6 × 6 = 216. ವ್ಯತ್ಯಾಸ ಬರೀ 2/216. ಇಷ್ಟು ಸಣ್ಣ ವ್ಯತ್ಯಾಸ ಆಟಗಾರರ ಕಣ್ಣಿಗೆ ಬಿದ್ದಿತ್ತು ಅನ್ನುವುದು ನನಗೆ ಇವತ್ತಿಗೂ ಅಚ್ಚರಿಯ ವಿಷಯ.

ಹಂತ 7: ತೆಗೆದದ್ದನ್ನು ವಾಪಸ್ ಹಾಕಿದಿರಾ?

ಚೀಲದಿಂದ ಎರಡು ಸಲ ತೆಗೆಯುವ ಲೆಕ್ಕ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಚೀಲದಲ್ಲಿ 3 ಕೆಂಪು, 2 ನೀಲಿ ಇವೆ ಅಂದುಕೊಳ್ಳಿ. ಎರಡು ಸಲವೂ ಕೆಂಪು ಬರಬೇಕು.

ವಾಪಸ್ ಹಾಕಿದರೆ ಮೊದಲ ಸಲ 5 ಗೋಲಿ, ಎರಡನೇ ಸಲವೂ 5. ಒಟ್ಟು ಜೋಡಿಗಳು 25. ಎರಡೂ ಕೆಂಪಾಗಿರುವ ಜೋಡಿಗಳು 3 × 3 = 9. ಉತ್ತರ 9/25, ಅಂದರೆ ಶೇ. 36.

ವಾಪಸ್ ಹಾಕದಿದ್ದರೆ ಎರಡನೇ ಸಲ ಉಳಿಯುವುದು 4 ಗೋಲಿ. ಒಟ್ಟು ಜೋಡಿಗಳು 20. ಮೊದಲು ಒಂದು ಕೆಂಪು ಹೋದ ಮೇಲೆ ಉಳಿದ ಕೆಂಪು 2. ಹಾಗಾಗಿ 3 × 2 = 6. ಉತ್ತರ 6/20, ಅಂದರೆ ಶೇ. 30. "ಒಟ್ಟಿಗೆ ಎರಡು ತೆಗೆದರು" ಅಂತ ಪ್ರಶ್ನೆಯಲ್ಲಿದ್ದರೆ ವಾಪಸ್ ಹಾಕಿಲ್ಲ ಅಂತಲೇ ಅರ್ಥ.

ಹಂತ 8: ಮಾಡಿ ನೋಡಿ

ಇಲ್ಲಿಯವರೆಗೆ ಲೆಕ್ಕ ಹಾಕಿದ್ದು ಸೈದ್ಧಾಂತಿಕ ಸಂಭವನೀಯತೆ, ಪ್ರಯೋಗ ಮಾಡದೆ ಯೋಚನೆಯಿಂದಲೇ ಸಿಗುವಂಥದ್ದು. ನಿಜವಾಗಿ ಮಾಡಿ, ಎಷ್ಟು ಸಲದಲ್ಲಿ ಎಷ್ಟು ಸಲ ಬಂತು ಅಂತ ಭಾಗಿಸಿದರೆ ಪ್ರಾಯೋಗಿಕ ಸಂಭವನೀಯತೆ. ಡ್ರಾಯಿಂಗ್ ಪಿನ್ನಿಗೆ ಇದೊಂದೇ ದಾರಿ. 200 ಸಲ ಬೀಳಿಸಿ ಬರೆದಿಡಿ.

ನಾಣ್ಯವನ್ನು 10 ಸಲ ಚಿಮ್ಮಿ. 5 ಹೆಡ್ ಬರಲೇಬೇಕು ಅಂದುಕೊಳ್ಳಬೇಡಿ. ಸರಿಯಾಗಿ 5 ಬರುವ ಸಂಭವನೀಯತೆ 252/1024. ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆಯೇ! 7 ಹೆಡ್ ಬಂದರೆ ನಾಣ್ಯ ಸರಿಯಿಲ್ಲ ಅನ್ನಲು ಆಗುವುದಿಲ್ಲ.

ಸಲಗಳ ಸಂಖ್ಯೆ ಹೆಚ್ಚಿದಂತೆ ಹೆಡ್‌ನ ಪಾಲು 1/2ರ ಹತ್ತಿರ ಬರುತ್ತದೆ. ಇದನ್ನು ಕೈಯಾರೆ ಮಾಡಿ ನೋಡಿದವರಿದ್ದಾರೆ. 18ನೇ ಶತಮಾನದಲ್ಲಿ ಫ್ರಾನ್ಸಿನ ನಿಸರ್ಗ ವಿಜ್ಞಾನಿ ಬುಫಾನ್ 4,040 ಸಲದಲ್ಲಿ 2,048 ಹೆಡ್ ಪಡೆದರು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 24,000 ಸಲದಲ್ಲಿ 12,012. ಎರಡನೇ ಮಹಾಯುದ್ಧದ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ 10,000 ಸಲ ಚಿಮ್ಮಿದರು. 5,067 ಹೆಡ್ ಬಂತು.

ಕೆರಿಚ್ ಅವರ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಅರ್ಧಕ್ಕಿಂತ 67 ಜಾಸ್ತಿ. ನಿಮ್ಮ 10 ಸಲದಲ್ಲಿ 7 ಹೆಡ್ ಬಂದಿದ್ದರೆ ಅರ್ಧಕ್ಕಿಂತ ಬರೀ 2 ಜಾಸ್ತಿ. ಆದರೆ ಪಾಲು ನೋಡಿದರೆ ನಿಮ್ಮದು 0.7, ಅವರದು 0.5067. ಹತ್ತಿರ ಬರುವುದು ಪಾಲು. ಹೆಡ್ ಮತ್ತು ಟೇಲ್‌ಗಳ ಸಂಖ್ಯೆ ಸಮ ಆಗಬೇಕೆಂದೇನೂ ಇಲ್ಲ.

ಎಚ್ಚರಿಕೆ: ಸತತ ಐದು ಸಲ ಹೆಡ್ ಬಂದಿದೆ, ಆರನೆಯದು ಟೇಲೇ ಬರಬೇಕು ಅನ್ನುವುದು ತಪ್ಪು. ಹಿಂದೆ ಬಂದದ್ದು ನಾಣ್ಯಕ್ಕೆ ನೆನಪಿರುವುದಿಲ್ಲ. ಆರನೇ ಸಲವೂ 1/2ಯೇ. ಹಿಂದಿನ ಕೊರತೆಯನ್ನು ಯಾರೂ ತುಂಬಿಕೊಡುವುದಿಲ್ಲ. ಮುಂದೆ ಬರುವ ಸಾವಿರಾರು ಸಲಗಳ ನಡುವೆ ಆ ಐದು ಹೆಡ್‌ಗಳ ತೂಕ ಕಡಿಮೆಯಾಗುತ್ತದೆ, ಅಷ್ಟೇ.

ಈಗ ನೀವೇ ಮಾಡಿ

ಉತ್ತರ ನೋಡುವ ಮೊದಲು ಮೂರನ್ನೂ ನೋಟ್‌ಬುಕ್ಕಿನಲ್ಲಿ ಮಾಡಿ.

1. 1ರಿಂದ 20ರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಿದರೆ, ಅದು 3ರಿಂದ ಅಥವಾ 5ರಿಂದ ಭಾಗವಾಗುವ ಸಂಖ್ಯೆ ಆಗಿರುವ ಸಂಭವನೀಯತೆ ಎಷ್ಟು?

2. ಮೂರು ನಾಣ್ಯ ಚಿಮ್ಮಿದರೆ ಕನಿಷ್ಠ ಒಂದು ಹೆಡ್ ಬರುವ ಸಂಭವನೀಯತೆ ಎಷ್ಟು?

3. ಎರಡು ದಾಳ ಉರುಳಿಸಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ವ್ಯತ್ಯಾಸ 0, 1, 2 ಬಂದರೆ ನಿಮಗೆ ಅಂಕ. 3, 4, 5 ಬಂದರೆ ನಿಮ್ಮ ಗೆಳತಿಗೆ. ಆಟ ನ್ಯಾಯವಾಗಿದೆಯಾ?

ಮೊದಲನೆಯದಕ್ಕೆ 3ರಿಂದ ಭಾಗವಾಗುವವು ಆರು, 5ರಿಂದ ಭಾಗವಾಗುವವು ನಾಲ್ಕು. ಕೂಡಿ 10/20 ಬರೆದಿದ್ದರೆ 15ನ್ನು ಎರಡು ಸಲ ಎಣಿಸಿದ್ದೀರಿ. ಸುತ್ತು ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಉತ್ತರ 9/20.

ಎರಡನೆಯದರ ಪಟ್ಟಿಯಲ್ಲಿ 8 ಫಲಿತಾಂಶ. ಒಂದೂ ಹೆಡ್ ಇಲ್ಲದ್ದು ಒಂದೇ. ಉತ್ತರ 1 - 1/8 = 7/8.

ಮೂರನೆಯದು ನನಗೆ ಬಹಳ ಇಷ್ಟದ ಲೆಕ್ಕ. ಇಬ್ಬರಿಗೂ ಮೂರು ಮೂರು ಸಂಖ್ಯೆ ಇದೆ, ನ್ಯಾಯವಾಗಿಯೇ ಕಾಣುತ್ತದೆ. 36 ಮನೆಯ ಕೋಷ್ಟಕದಲ್ಲಿ ವ್ಯತ್ಯಾಸ ತುಂಬಿ ನೋಡಿ. 0 ಆರು ಮನೆಯಲ್ಲಿ, 1 ಹತ್ತರಲ್ಲಿ, 2 ಎಂಟರಲ್ಲಿ, 3 ಆರರಲ್ಲಿ, 4 ನಾಲ್ಕರಲ್ಲಿ, 5 ಎರಡರಲ್ಲಿ. ನಿಮಗೆ 24, ಗೆಳತಿಗೆ 12. ಅಂದರೆ ನಿಮ್ಮ ಅವಕಾಶ ಅವಳ ಎರಡರಷ್ಟು! ಸರಿ ಮಾಡಲು ಇಬ್ಬರಿಗೂ 18 ಮನೆ ಬರಬೇಕು. 1 ಮತ್ತು 2 ಮಾತ್ರ ನೀವು ಇಟ್ಟುಕೊಂಡು ಉಳಿದ ನಾಲ್ಕನ್ನು ಅವಳಿಗೆ ಕೊಟ್ಟರೆ ಸರಿಹೋಗುತ್ತದೆ. ಬೆಸ ವ್ಯತ್ಯಾಸ ಒಬ್ಬರಿಗೆ, ಸೊನ್ನೆ ಸೇರಿಸಿ ಸಮ ವ್ಯತ್ಯಾಸ ಇನ್ನೊಬ್ಬರಿಗೆ ಅಂತ ಹಂಚಿದರೂ 18–18 ಬರುತ್ತದೆ. ಸಮನಾಗಿ ಹಂಚಲು ಇನ್ನೂ ಒಂದು ದಾರಿ ಇದೆ. ಕೋಷ್ಟಕ ಮುಂದಿಟ್ಟುಕೊಂಡು ಹುಡುಕಿ.